ರಿಪೇರಿಯವನ ಕಿವಿ: ಕಿಂಗ್ ಟಬ್ಬಿ ಉಳಿಸಿಹೋದ ಸದ್ದು

ಈ ಉಪನ್ಯಾಸದ ಮಾತು ಶುರು ಮಾಡುವ ಮೊದಲೇ ನಿಮಗೆ ಎರಡು ಹಾಡು ಕೇಳಿಸಿದೆ. ಮೊದಲನೆಯದು ಜೇಕಬ್ ಮಿಲ್ಲರ್ ಹಾಡಿದ ‘ಬೇಬಿ ಐ ಲವ್ ಯೂ ಸೋ’. ನಿರ್ಮಾಪಕ ಅಗಸ್ಟಸ್ ಪಾಬ್ಲೋ ಮಾಡಿಸಿದ್ದು, 1970ರ ದಶಕದ ನಡುಭಾಗದ್ದು. ಸರಳವಾದ ಪ್ರೇಮಗೀತೆ. ಎರಡನೆಯದು ‘ಕಿಂಗ್ ಟಬ್ಬಿ ಮೀಟ್ಸ್ ರಾಕರ್ಸ್ ಅಪ್‌ಟೌನ್’. ಇದಕ್ಕಾಗಿ ಹೊಸದಾಗಿ ಯಾರೂ ಹಾಡಲಿಲ್ಲ, ವಾದ್ಯದವರನ್ನು ಮತ್ತೆ ಕರೆಸಲಿಲ್ಲ. ಅದೇ ಟೇಪು, ಅದೇ ಧ್ವನಿಮುದ್ರಣ. ಆದರೂ ಎರಡನೆಯದು ಶುರುವಾದ ಸ್ವಲ್ಪ ಹೊತ್ತಿಗೆ ಮುಂದಿನ ಸಾಲಿನ ಇಬ್ಬರು ತಿರುಗಿ ಸ್ಪೀಕರ್ ಬಾಕ್ಸಿನ ಕಡೆ ನೋಡಿದರು. ವೈರ್ ಲೂಸ್ ಆಗಿರಬೇಕು ಅಂದುಕೊಂಡಿದ್ದರು. ಹಾಡುಗಾರ ಒಂದು ಮಾತು ಪೂರ್ತಿ ಮಾಡುವಷ್ಟರಲ್ಲಿ ಅವನ ದನಿ ಆಳದ ಬಾವಿಗೆ ಬಿದ್ದ ಹಾಗೆ ಹೋಗಿಬಿಡುತ್ತದೆ. ಗಿಟಾರು ಒಮ್ಮೆ ‘ಚಕ್’ ಎಂದು ಮಾಯವಾಗುತ್ತದೆ. ಡ್ರಮ್ಸು ಮತ್ತು ಬೇಸ್ ಮಾತ್ರ ತಮ್ಮ ಪಾಡಿಗೆ ನಡೆಯುತ್ತಲೇ ಇರುತ್ತವೆ.

ಆ ಇಬ್ಬರ ಅನುಮಾನ ನನಗೆ ಬಹಳ ಇಷ್ಟವಾಯಿತು. ಏಕೆಂದರೆ ‘ಡಬ್’ ಎಂಬ ಈ ಸಂಗೀತವನ್ನು ಕಟ್ಟಿದ ಕಿಂಗ್ ಟಬ್ಬಿ ಕೆಟ್ಟುಹೋದ ರೇಡಿಯೋ ರಿಪೇರಿ ಮಾಡಿ ಬದುಕುತ್ತಿದ್ದ ಮನುಷ್ಯ. ಸದ್ದು ಎಲ್ಲಿ ಕಡಿಯುತ್ತದೆ, ಯಾಕೆ ಕಡಿಯುತ್ತದೆ ಎಂದು ದಿನವಿಡೀ ಕಿವಿಗೊಟ್ಟು ಕೂತವನು. ಆ ಕಡಿತವನ್ನೇ ಕಲೆ ಮಾಡಿದ.

ಆಸ್ಬೋರ್ನ್ ರಡ್ಡಕ್ ಅವನ ನಿಜವಾದ ಹೆಸರು. 1941ರ ಜನವರಿ 28ರಂದು ಜಮೈಕಾದ ರಾಜಧಾನಿ ಕಿಂಗ್‌ಸ್ಟನ್‌ನಲ್ಲಿ ಹುಟ್ಟಿದ. ಅವನಿಗೆ ಹಾಡಲು ಬರುತ್ತಿರಲಿಲ್ಲ, ವಾದ್ಯಗಾರನೂ ಅಲ್ಲ. ಕಲಿತದ್ದು ಎಲೆಕ್ಟ್ರಾನಿಕ್ಸು. ವಾಟರ್‌ಹೌಸ್ ಎಂಬ ಬಡವರ ಬಡಾವಣೆಯಲ್ಲಿ, ಡ್ರೊಮಿಲಿ ಅವೆನ್ಯೂದ 18ನೇ ನಂಬರಿನ ಮನೆಯಲ್ಲಿ ಅವನ ಕೆಲಸ. ಅದು ಅಮ್ಮನ ಮನೆ. ರೇಡಿಯೋ, ಆಂಪ್ಲಿಫೈಯರ್ ರಿಪೇರಿಯ ಜೊತೆಗೆ ಟ್ರಾನ್ಸ್‌ಫಾರ್ಮರ್ ಸುತ್ತಿಕೊಡುತ್ತಿದ್ದ. ಕಿಂಗ್‌ಸ್ಟನ್ನಿನ ಕರೆಂಟು ನಂಬುವ ಹಾಗಿರಲಿಲ್ಲ. ವೋಲ್ಟೇಜ್ ಏರಿಳಿತದಿಂದ ಯಂತ್ರ ಸುಟ್ಟುಹೋಗದಿರಲಿ ಎಂದು ಅಂಗಡಿಯವರು, ವ್ಯಾಪಾರಿಗಳು ಅವನ ಹತ್ತಿರ ಬರುತ್ತಿದ್ದರು. ನಮ್ಮೂರುಗಳಲ್ಲಿ ವೈಂಡಿಂಗ್ ಅಂಗಡಿ ಇಟ್ಟವರು, ಸ್ಟೆಬಿಲೈಸರ್ ಕಟ್ಟಿಕೊಡುತ್ತಿದ್ದವರು ನೆನಪಾಗುತ್ತಾರಲ್ಲ, ಆ ಜಾತಿಯ ಕೆಲಸಗಾರ. ನನ್ನ ಚಿಕ್ಕಪ್ಪ ಅರಸೀಕೆರೆಯಲ್ಲಿ ಅಂಥದೇ ಅಂಗಡಿ ಇಟ್ಟಿದ್ದರು. ಮದುವೆ, ಜಾತ್ರೆಗೆ ಮೈಕ್‌ಸೆಟ್ಟೂ ಬಾಡಿಗೆಗೆ ಕೊಡುತ್ತಿದ್ದರು. ಆ ಅಂಗಡಿಯ ಸೋಲ್ಡರ್ ಹೊಗೆಯಲ್ಲಿ ಬೆಳೆದಿದ್ದರಿಂದಲೋ ಏನೋ, ಟಬ್ಬಿಯ ಕಥೆ ಮೊದಲ ಸಲ ಓದಿದಾಗ ಇದು ಪರದೇಶದ ಕಥೆ ಅಂತ ನನಗೆ ಅನ್ನಿಸಲೇ ಇಲ್ಲ.

ಮೈಕ್‌ಸೆಟ್ಟಿನ ಮಾತು ಬಂದದ್ದು ಒಳ್ಳೆಯದೇ ಆಯಿತು. ಜಮೈಕಾದಲ್ಲಿ ಅದಕ್ಕೆ ‘ಸೌಂಡ್ ಸಿಸ್ಟಮ್’ ಎನ್ನುತ್ತಾರೆ. ಆದರೆ ಅಲ್ಲಿ ಅದು ಸಮಾರಂಭದ ಮೂಲೆಯಲ್ಲಿ ನಿಲ್ಲುವ ಸಾಮಾನಲ್ಲ, ಸಮಾರಂಭವೇ ಅದು. 1950ರ ದಶಕದಿಂದ ಕಿಂಗ್‌ಸ್ಟನ್ನಿನ ಬಡವರು ಸಂಗೀತ ಕೇಳಿದ್ದು, ಕುಣಿದದ್ದು ಬಯಲಿನಲ್ಲಿ ಬೀರುವಿನಷ್ಟೆತ್ತರದ ಸ್ಪೀಕರ್ ಪೆಟ್ಟಿಗೆಗಳ ಮುಂದೆ. ಹೋಟೆಲಿನಲ್ಲಿ ಬ್ಯಾಂಡ್ ಕೇಳುವ ದುಡ್ಡು ಅವರಲ್ಲಿರಲಿಲ್ಲ. ಒಂದೊಂದು ಸೌಂಡಿಗೂ ಒಬ್ಬ ಒಡೆಯ, ಒಂದು ಹೆಸರು, ಒಂದಿಷ್ಟು ಅಭಿಮಾನಿಗಳು. ಯಾರ ಬೇಸ್ ಎದೆಗೆ ಹೆಚ್ಚು ಗುದ್ದುತ್ತದೆ, ಯಾರ ಹತ್ತಿರ ಬೇರೆ ಯಾರಲ್ಲೂ ಇಲ್ಲದ ಹಾಡಿನ ತಟ್ಟೆ ಇದೆ ಎಂದು ಜಿದ್ದಾಜಿದ್ದಿ. ಟಬ್ಬಿಯದೂ ಒಂದು ಸೌಂಡ್ ಇತ್ತು: ಹೋಮ್‌ಟೌನ್ ಹೈ-ಫೈ. ಅದರ ಆಂಪ್ಲಿಫೈಯರುಗಳನ್ನು ಅವನೇ ಕಟ್ಟಿದ್ದ. ಹಾಡು ನಡೆಯುತ್ತಿರುವಾಗಲೇ ಎಕೋ, ಅಂದರೆ ಮಾರ್ದನಿ, ಮತ್ತು ರಿವರ್ಬ್, ಅಂದರೆ ಖಾಲಿ ಹಾಲಿನಲ್ಲಿ ಗುಂಯ್‌ಗುಟ್ಟಿದಂಥ ಸದ್ದು, ಸೇರಿಸುವ ಏರ್ಪಾಡನ್ನೂ ಅದರಲ್ಲಿ ಮಾಡಿದ್ದ.

ಬೇರೆಯವರಲ್ಲಿ ಇಲ್ಲದ ತಟ್ಟೆ ಎಂದೆನಲ್ಲ, ಅದೇ ‘ಡಬ್ ಪ್ಲೇಟ್’. ಅಲ್ಯೂಮಿನಿಯಂ ತಟ್ಟೆಗೆ ಮೆತ್ತನೆಯ ಲೇಪ ಹಚ್ಚಿ, ಸೂಜಿಯಿಂದ ನೇರವಾಗಿ ಹಾಡು ಕೊರೆದುಕೊಡುವುದು. ಸಾಮಾನ್ಯ ರೆಕಾರ್ಡಿನಷ್ಟು ಗಟ್ಟಿ ಇರುವುದಿಲ್ಲ. ನುಡಿಸಿದಂತೆಲ್ಲ ಸವೆದು ಕೊನೆಗೆ ಬರೀ ಗೊರಗೊರ ಉಳಿಯುತ್ತದೆ. ಟಬ್ಬಿ 1960ರ ದಶಕದ ಕೊನೆಯಲ್ಲಿ ಡ್ಯೂಕ್ ರೀಡ್ ಎಂಬ ದೊಡ್ಡ ನಿರ್ಮಾಪಕನ ಟ್ರೆಷರ್ ಐಲ್ ಸ್ಟುಡಿಯೋದಲ್ಲಿ ಇಂಥ ತಟ್ಟೆ ಕೊರೆಯುವ ಕೆಲಸ ಮಾಡುತ್ತಿದ್ದ.

ಸ್ಟುಡಿಯೋಗಳ ಆ ಲೋಕದಲ್ಲಿ ಒಂದು ತಪ್ಪು ನಡೆಯಿತು. ಕಥೆಯನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ, ತಿರುಳು ಇಷ್ಟು. ಜಮೈಕಾದ ಸ್ಪ್ಯಾನಿಷ್ ಟೌನ್ ಊರಿನಲ್ಲಿ ಸೌಂಡ್ ನಡೆಸುತ್ತಿದ್ದ ರಡ್ಡಿ ರೆಡ್‌ವುಡ್‌ಗೆಂದು ಪ್ಯಾರಗನ್ಸ್ ತಂಡದ ಒಂದು ಹಾಡು ಕೊರೆಯುವಾಗ ಎಂಜಿನಿಯರು ಹಾಡುಗಾರರ ದನಿಯ ಟ್ರ್ಯಾಕ್, ಅಂದರೆ ಟೇಪಿನಲ್ಲಿ ದನಿಯನ್ನಷ್ಟೇ ಬೇರೆಯಾಗಿ ಮುದ್ರಿಸಿದ ಪಟ್ಟಿ, ಸೇರಿಸುವುದನ್ನೇ ಮರೆತ. ತಿದ್ದಲು ಹೋದರೆ ರೆಡ್‌ವುಡ್, ಬೇಡ, ಹಾಗೇ ಇರಲಿ ಬಿಡು ಎಂದ. ಆ ರಾತ್ರಿ ಮೊದಲು ಹಾಡಿರುವ ತಟ್ಟೆ ಹಾಕಿ, ಅದರ ಬೆನ್ನಿಗೇ ದನಿಯಿಲ್ಲದ ತಟ್ಟೆ ಹಾಕಿದ. ಬಯಲಿನಲ್ಲಿದ್ದ ಜನ ತಾವೇ ಹಾಡತೊಡಗಿದರು. ಖಾಲಿ ಬಿಟ್ಟ ಜಾಗವನ್ನು ಅವರೇ ತುಂಬಿದರು. ಅದನ್ನು ಕಣ್ಣಾರೆ ಕಂಡವರಲ್ಲಿ ನಿರ್ಮಾಪಕ ಬನ್ನಿ ಲೀ ಒಬ್ಬ. ಅವನು ಬಂದು ಹೇಳಿದ್ದು ಗೆಳೆಯ ಟಬ್ಬಿಗೆ.

1970ರ ಹೊತ್ತಿಗೆ ರೆಕಾರ್ಡಿನ ಹಿಂಬದಿಗೆ ಅದೇ ಹಾಡಿನ ದನಿಯಿಲ್ಲದ, ಬರೀ ವಾದ್ಯದ ರೂಪ ಹಾಕುವುದು ರೂಢಿಯಾಯಿತು. ಅದಕ್ಕೆ ‘ವರ್ಷನ್’ ಎಂದು ಹೆಸರು. ನಿರ್ಮಾಪಕನಿಗೂ ಲಾಭ: ಎರಡನೇ ಹಾಡಿಗೆ ಯಾರಿಗೂ ಕೂಲಿ ಕೊಡಬೇಕಿಲ್ಲ. ಆ ಖಾಲಿ ಜಾಗದಲ್ಲಿ ಮೈಕ್ ಹಿಡಿದವನು ಮಾತಾಡುವುದು, ಪ್ರಾಸ ಕಟ್ಟುವುದು ಬೆಳೆಯಿತು. ಟಬ್ಬಿಯ ಸೌಂಡಿನಲ್ಲಿ ಮೈಕ್ ಹಿಡಿದವನು ಯು-ರಾಯ್. ಡ್ಯೂಕ್ ರೀಡ್‌ನ ಹಳೆಯ ಹಾಡುಗಳ ಮೇಲೆ ಅವನು ಮಾತು ಕಟ್ಟಿದ ರೆಕಾರ್ಡುಗಳು 1970ರಲ್ಲಿ ಜಮೈಕಾದ ಜನಪ್ರಿಯ ಹಾಡುಗಳ ಪಟ್ಟಿಯ ಮೇಲ್ತುದಿಯನ್ನೇ ಹಿಡಿದುಬಿಟ್ಟವು.

ಇಲ್ಲಿಯವರೆಗಿನದು ದನಿ ತೆಗೆಯುವ ಕೆಲಸ. ಅದನ್ನು ಯಾರು ಬೇಕಾದರೂ ಮಾಡಬಹುದಿತ್ತು. ಟಬ್ಬಿ ಮಾಡಿದ್ದು ಬೇರೆ. ಅದನ್ನು ಹೇಳಬೇಕಾದರೆ ಅವನ ಮೇಜಿನ ಹತ್ತಿರವೇ ಹೋಗಬೇಕು.

1970ರ ದಶಕದ ಮೊದಲ ವರ್ಷಗಳಲ್ಲಿ ಡೈನಮಿಕ್ ಸ್ಟುಡಿಯೋದವರು ಬೇಡವೆಂದ ಎಂಸಿಐ ಕಂಪನಿಯ ಒಂದು ಹಳೆಯ ಮಿಕ್ಸಿಂಗ್ ಮೇಜು, ಅಂದರೆ ಬೇರೆ ಬೇರೆ ಟ್ರ್ಯಾಕುಗಳ ಸದ್ದನ್ನು ಹೊಂದಿಸಿ ಬೆರೆಸುವ ಯಂತ್ರ, ಬನ್ನಿ ಲೀಯ ಸಹಾಯದಿಂದ ಟಬ್ಬಿಯ ಕೈಸೇರಿತು. ನಾಲ್ಕೇ ನಾಲ್ಕು ಟ್ರ್ಯಾಕು. ಡ್ರಮ್ಸಿಗೆ ಒಂದು, ಬೇಸಿಗೆ ಒಂದು, ಗಿಟಾರು ಮತ್ತು ಕೀಬೋರ್ಡುಗಳಿಗೆ ಸೇರಿ ಒಂದು, ದನಿಗೆ ಒಂದು. ಸಾಮಾನ್ಯವಾಗಿ ಹೀಗೆ ಹಂಚಿಕೆ. ಮನೆಯ ಒಂದು ಪುಟ್ಟ ಕೋಣೆಯಲ್ಲಿ ಇದನ್ನು ಇಟ್ಟ. ಬ್ಯಾಂಡ್ ಕೂರುವಷ್ಟು ಜಾಗ ಅಲ್ಲಿರಲಿಲ್ಲ. ಹಾಡುಗಾರ ನಿಂತು ಹಾಡಬೇಕಾದ ಬೂತು ಮೊದಲು ಬಚ್ಚಲುಮನೆಯಾಗಿತ್ತು. ವಾದ್ಯಗಳನ್ನು ಬೇರೆ ಸ್ಟುಡಿಯೋದಲ್ಲಿ ಮುದ್ರಿಸಿಕೊಂಡು ನಿರ್ಮಾಪಕರು ಟೇಪನ್ನು ಬಗಲಲ್ಲಿಟ್ಟುಕೊಂಡು ಬರುತ್ತಿದ್ದರು.

ಆ ಮೇಜಿನಲ್ಲಿ ಸದ್ದಿನ ಮಟ್ಟ ಏರಿಸಿ ಇಳಿಸಲು ನುಣ್ಣಗೆ ಜಾರುವ ಫೇಡರುಗಳಿದ್ದವು. ಬೆರಳಿನಿಂದ ಒಂದು ನೂಕು ನೂಕಿದರೆ ಗಿಟಾರು ಬಂತು, ಎಳೆದರೆ ಹೋಯಿತು. ಅದರ ಜೊತೆಗೊಂದು ಫಿಲ್ಟರು ಇತ್ತು. ಆಲ್ಟೆಕ್ ಕಂಪನಿಯದು, ದೊಡ್ಡದೊಂದು ಗುಂಡಿಯದು. ನಿಗದಿಪಡಿಸಿದ ಮಟ್ಟಕ್ಕಿಂತ ಕೆಳಗಿನ ಸ್ವರಗಳನ್ನೆಲ್ಲ ಕತ್ತರಿಸುವುದು ಅದರ ಕೆಲಸ. ಕೆಳದನಿಯ ಗೊಣಗಾಟ ತೆಗೆಯುವಂಥ ಕೆಲಸಕ್ಕೆಂದು ಮಾಡಿದ ಸಾಧನ. ಅದರಲ್ಲಿ 10 ಮೆಟ್ಟಿಲು, 70 ಹರ್ಟ್ಸ್‌ನಿಂದ 7,500 ಹರ್ಟ್ಸ್‌ವರೆಗೆ. ಒಮ್ಮೆ ಹೊಂದಿಸಿ ಸುಮ್ಮನೆ ಬಿಡಬೇಕಾದ ಗುಂಡಿ. ಟಬ್ಬಿ ಅದನ್ನು ಹಾಡು ನಡೆಯುತ್ತಿರುವಾಗಲೇ ಟಕ್ ಟಕ್ ಎಂದು ತಿರುಗಿಸಿದ. ಒಂದೊಂದು ಮೆಟ್ಟಿಲಿಗೂ ಸದ್ದಿನ ಮೈ ಕರಗುತ್ತದೆ. ಮೊದಲು ಬೇಸಿನ ಹೊಟ್ಟೆ ಹೋಗುತ್ತದೆ, ಆಮೇಲೆ ಡ್ರಮ್ಮಿನ ಎದೆ, ಕೊನೆಗೆ ತಾಳದ ತಟ್ಟೆಯ ‘ಸ್ಸ್‌’ ಒಂದೇ, ಒಣಗಿದ ತೆಂಗಿನ ಗರಿಯನ್ನು ಯಾರೋ ಎಳೆದುಕೊಂಡು ಹೋದ ಹಾಗೆ. ಮತ್ತೆ ಗುಂಡಿ ಹಿಂದಕ್ಕೆ ತಿರುಗಿದಾಗ ಬೇಸು ವಾಪಸು ಬರುತ್ತದಲ್ಲ, ಆ ಕ್ಷಣ! ಆ ಬೇಸು ಎಲ್ಲಿಗೂ ಹೋಗಿರಲಿಲ್ಲ, ನುಡಿಸಿದವನು ಮೊದಲಿಂದಲೂ ಅದನ್ನೇ ನುಡಿಸುತ್ತಿದ್ದ. ಆದರೆ ಕಳೆದುಕೊಂಡು ಮರಳಿ ಸಿಕ್ಕಿದ್ದರಿಂದ ಅದು ಮೊದಲಿನ ಎರಡರಷ್ಟು ತೂಕವಾಗಿ ಕೇಳುತ್ತದೆ.

ಎಕೋ ಮಾಡಲು ಟೇಪ್ ಯಂತ್ರ. ಬರೆಯುವ ಹೆಡ್ಡಿಗೂ ಓದುವ ಹೆಡ್ಡಿಗೂ ನಡುವೆ ಸ್ವಲ್ಪ ಅಂತರ ಇರುತ್ತದೆ. ಟೇಪು ಆ ಅಂತರ ದಾಟುವಷ್ಟು ಹೊತ್ತು ಸದ್ದು ತಡವಾಗುತ್ತದೆ. ತಡವಾಗಿ ಬಂದ ಸದ್ದನ್ನು ಮತ್ತೆ ಬರೆಯುವ ಹೆಡ್ಡಿಗೇ ಉಣ್ಣಿಸಿದರೆ ಅದು ಮತ್ತೆ ಬರುತ್ತದೆ, ಮತ್ತೆ, ಮತ್ತೆ, ಒಂದೊಂದು ಸಲಕ್ಕೂ ಸ್ವಲ್ಪ ಮಸುಕಾಗಿ. ಉಣ್ಣಿಸುವುದು ಒಂದಿಷ್ಟು ಹೆಚ್ಚಾದರೆ ಊಳಿಡಲು ಶುರು. ಆ ಅಂಚಿನ ಮೇಲೆ ನಡೆಯುವುದೇ ಕೈಚಳಕ. ರಿವರ್ಬಿಗೆ ಸ್ಪ್ರಿಂಗಿನ ಡಬ್ಬಿ. ತಗಡಿನ ಪೆಟ್ಟಿಗೆಯೊಳಗೆ ಉದ್ದನೆಯ ಸ್ಪ್ರಿಂಗುಗಳು, ಸದ್ದು ಅವುಗಳ ಮೂಲಕ ಹಾದು ನಡುಗುತ್ತಾ ಹೊರಬರುತ್ತದೆ. ಅದನ್ನು ಅಲ್ಲಾಡಿಸದೆ ಇಡಬೇಕು ಎನ್ನುವುದು ಯಾವ ಮೆಕ್ಯಾನಿಕ್ಕಿಗೂ ಗೊತ್ತು. ಟಬ್ಬಿ ಅದನ್ನು ಬೇಕೆಂದೇ ಗುದ್ದುತ್ತಿದ್ದ. ಗುಡುಗು ಬೀಳುತ್ತಿತ್ತು.

ಇದೆಲ್ಲ ನಡೆಯುತ್ತಿದ್ದುದು ಹಾಡು ಓಡುವ ಮೂರು ನಾಲ್ಕು ನಿಮಿಷದಲ್ಲೇ. ಈಗಿನ ಹಾಗೆ ಕಂಪ್ಯೂಟರಿನಲ್ಲಿ ಹಿಂದಕ್ಕೆ ಹೋಗಿ ತಿದ್ದುವ ಮಾತಿಲ್ಲ. ಎರಡು ಕೈ, ಹತ್ತು ಬೆರಳು, ಓಡುತ್ತಿರುವ ಟೇಪು. ಅದೇ ಹಾಡನ್ನು ಇನ್ನೊಮ್ಮೆ ಮಿಕ್ಸ್ ಮಾಡಿದರೆ ಇನ್ನೊಂದೇ ಹಾಡಾಗುತ್ತಿತ್ತು. ಟಬ್ಬಿಗೆ ಜಾಜ್ ಎಂದರೆ ಪ್ರಾಣ ಎಂದು ಹತ್ತಿರದವರೆಲ್ಲ ಹೇಳುತ್ತಾರೆ. ನನಗೆ ಇದು ಬರೀ ಅಭಿರುಚಿಯ ವಿಷಯವಾಗಿ ಕಾಣುವುದಿಲ್ಲ. ನಮ್ಮ ಸಂಗೀತಗಾರರು ರಾಗ ವಿಸ್ತಾರ ಮಾಡುವಾಗ ಮುಂದಿನ ಸ್ವರ ಯಾವುದೆಂದು ಬರೆದಿಟ್ಟುಕೊಂಡು ಕೂರುತ್ತಾರೆಯೇ? ಟಬ್ಬಿ ಮೇಜನ್ನು ಹಾಗೆ ನುಡಿಸಿದ. ಮಿಕ್ಸಿಂಗ್ ಮೇಜು ವಾದ್ಯವಾದದ್ದು ಹೀಗೆ. ಅವನ ಪ್ರಭಾವದ ಬಗ್ಗೆ ನನ್ನ ಮಾತೆಲ್ಲ ಇದೊಂದರ ಮೇಲೆ ನಿಂತಿದೆ.

ಜಮೈಕಾದ ಜನಕ್ಕೆ ಇದು ಆಗಲೇ ಅರ್ಥವಾಗಿತ್ತು. 1970ರ ದಶಕದ ಮಧ್ಯದ ಹೊತ್ತಿಗೆ ಎಲ್‌ಪಿಗಳ ಹೊದಿಕೆಯ ಮೇಲೆ ಟಬ್ಬಿಯ ಹೆಸರೇ ದೊಡ್ಡಕ್ಷರದಲ್ಲಿ ಬರತೊಡಗಿತು. ಹಾಡಿದವರ ಹೆಸರು ಸಣ್ಣದಾಗಿ, ಕೆಲವು ಸಲ ಇಲ್ಲವೇ ಇಲ್ಲ. ಎಂಜಿನಿಯರನ ಹೆಸರು ನೋಡಿ ಜನ ರೆಕಾರ್ಡು ಕೊಂಡದ್ದು ಅದಕ್ಕೂ ಮೊದಲು ಎಲ್ಲಿ ನಡೆದಿತ್ತು? ಮೈಕ್‌ಸೆಟ್ಟಿನವನು, ರೆಕಾರ್ಡಿಂಗ್‌ನವನು, ಸದ್ದು ಹೊಂದಿಸುವವನು, ಇವರೆಲ್ಲ ಕತ್ತಲಲ್ಲಿ ನಿಲ್ಲುವವರು ಎಂಬುದೇ ಎಲ್ಲ ಕಡೆಯ ರೂಢಿ.

ಇಲ್ಲಿ ಒಂದು ಕಹಿಯನ್ನೂ ಹೇಳಬೇಕು, ಹೇಳದಿದ್ದರೆ ಮೋಸ. ಟಬ್ಬಿಗೆ ಹೆಸರು ಬಂತು, ಆದರೆ ಆ ಟೇಪಿನಲ್ಲಿ ಡ್ರಮ್ಸು ಬಾರಿಸಿದವನಿಗೆ, ಬೇಸ್ ಮೀಟಿದವನಿಗೆ ಒಂದು ದಿನದ ಕೂಲಿ ಸಿಕ್ಕಿತ್ತು, ಅಷ್ಟೆ. ಅವರು ಒಮ್ಮೆ ನುಡಿಸಿದ ಲಯವನ್ನು, ಅಲ್ಲಿನ ಮಾತಿನಲ್ಲಿ ‘ರಿದಿಮ್’ ಅನ್ನು, ಹತ್ತಾರು ಹಾಡಿಗೆ, ಹತ್ತಾರು ಡಬ್‌ಗೆ ತಿರುತಿರುಗಿ ಬಳಸಿದರು. ಜಮೈಕಾ ತನ್ನದೇ ಆದ ಕಾಪಿರೈಟ್ ಕಾಯ್ದೆ ಮಾಡಿದ್ದು 1993ರಲ್ಲಿ. ಅಷ್ಟು ಹೊತ್ತಿಗೆ ಆ ಸಂಗೀತ ಭೂಮಿಯೆಲ್ಲ ಸುತ್ತಿ ಬಂದಿತ್ತು. ಹಾಡು ಮುಗಿದ ವಸ್ತುವಲ್ಲ, ಬಿಚ್ಚಿ ಮತ್ತೆ ಕಟ್ಟಬಹುದು ಎಂಬ ಟಬ್ಬಿಯ ಅರಿವು ಕಲೆಗೆ ದೊಡ್ಡ ಬಾಗಿಲು ತೆರೆಯಿತು. ವಾದ್ಯದವರ ಜೇಬಿನಿಂದ ದುಡ್ಡು ಸೋರಿದ್ದೂ ಅದೇ ಬಾಗಿಲಿನಿಂದ. ಇವತ್ತಿನ ರೀಮಿಕ್ಸು, ಸ್ಯಾಂಪಲಿಂಗ್ (ಬೇರೆಯವರ ಧ್ವನಿಮುದ್ರಣದ ತುಣುಕು ತೆಗೆದು ಬಳಸುವುದು) ಜಗಳಗಳಿಗೆಲ್ಲ ಈ ಎರಡೂ ಮುಖ ಇದೆ. ಟಬ್ಬಿಯನ್ನು ನಾನು ಎಷ್ಟೇ ಹೊಗಳಿದರೂ, ಆ ಟೇಪುಗಳ ಹೆಸರಿಲ್ಲದ ಬೆರಳುಗಳನ್ನು ಮರೆಯಲು ನನಗೆ ಮನಸ್ಸಾಗುವುದಿಲ್ಲ.

ಪ್ರಭಾವ ಎಂದರೆ ಮೊದಲು ಶಿಷ್ಯರು. ಲಾಯ್ಡ್ ಜೇಮ್ಸ್, ಅಂದರೆ ಪ್ರಿನ್ಸ್ ಜಾಮಿ, ಟಬ್ಬಿಯ ಹತ್ತಿರ ಪಳಗಿದ. ಫಿಲಿಪ್ ಸ್ಮಾರ್ಟ್ ಅಲ್ಲಿ ಕಲಿತು ನ್ಯೂಯಾರ್ಕ್ ಕಡೆ ಹೋಗಿ ಸ್ಟುಡಿಯೋ ಕಟ್ಟಿದ. ಹೋಪ್‌ಟನ್ ಬ್ರೌನ್ ಎಂಬ ಹುಡುಗ ಎಲೆಕ್ಟ್ರಾನಿಕ್ಸ್ ಹುಚ್ಚಿನಿಂದ ಟಬ್ಬಿಯ ಬಾಗಿಲಿಗೆ ಬಂದವನು, ಮುಂದೆ ‘ಸೈಂಟಿಸ್ಟ್’ ಎಂದು ಹೆಸರಾದ. ನೋಡಿ, ಗುರುವಿನ ಹತ್ತಿರ ಹಾಡು ಕಲಿಯಲು ಬಂದವರಲ್ಲ ಇವರು. ಕೆಲಸ ಕಲಿಯಲು ಬಂದವರು.

ಜಾಮಿಯ ಕಥೆಗೆ ಒಂದು ನಿಮಿಷ ಕೊಡಬೇಕು. 1985ರಲ್ಲಿ ಅವನು ವೇಯ್ನ್ ಸ್ಮಿತ್ ಹಾಡಿದ ‘ಅಂಡರ್ ಮಿ ಸ್ಲೆಂಗ್ ಟೆಂಗ್’ ಹೊರತಂದ. ಅದರ ಲಯ ಹುಟ್ಟಿದ್ದು ಕ್ಯಾಸಿಯೋ ಎಂಟಿ-40 ಎಂಬ ಅಗ್ಗದ ಪುಟ್ಟ ಕೀಬೋರ್ಡಿನಲ್ಲಿ ಕಂಪನಿಯವರೇ ತುಂಬಿಟ್ಟಿದ್ದ ತಾಳದಿಂದ. ಬ್ಯಾಂಡಿಲ್ಲ, ಡ್ರಮ್ಸಿಲ್ಲ. ಜಮೈಕಾದ ಸಂಗೀತ ಒಂದೇ ವರ್ಷದಲ್ಲಿ ದಿಕ್ಕು ಬದಲಿಸಿತು. ಶಿಷ್ಯ ಹೀಗೆ ಮುಂದೆ ಹೋದಾಗ ಗುರು ಹಳೆಯದನ್ನೇ ಹಿಡಿದು ಕೂರಲಿಲ್ಲ. ಟಬ್ಬಿ ಹೊಸ ಸ್ಟುಡಿಯೋ ಕಟ್ಟಿಸಿ, ಅದೇ ವರ್ಷ ಆಂಟನಿ ರೆಡ್ ರೋಸ್ ಹಾಡಿದ ‘ಟೆಂಪೋ’ ತಂದ. ಅದೂ ಕಂಪ್ಯೂಟರ್ ಯುಗದ ಲಯವೇ, ಆದರೆ ಬೇಸಿನ ತೂಕ ಮಾತ್ರ ಟಬ್ಬಿಯದೇ. ಲೇಬಲ್ಲಿನ ಹೆಸರು ಫೈರ್‌ಹೌಸ್. ರಾಜಕೀಯ ಗುಂಪುಗಳ ಗುಂಡಿನ ಕಾಳಗದಿಂದಾಗಿ ವಾಟರ್‌ಹೌಸ್‌ಗೆ ಜನರೇ ಇಟ್ಟ ಅಡ್ಡಹೆಸರು ಅದು. ಹಾಗೆ ನೋಡಿದರೆ ಎಂಜಿನಿಯರನಾಗಿ ಮೆರೆದ ಟಬ್ಬಿ ಪೂರ್ಣ ಅರ್ಥದಲ್ಲಿ ನಿರ್ಮಾಪಕನಾದದ್ದು ಬದುಕಿನ ಈ ಕೊನೆಯ ನಾಲ್ಕು ವರ್ಷಗಳಲ್ಲಿ.

ಕಡಲಾಚೆಗೆ ಹೋದದ್ದನ್ನು ಬೇಗ ಹೇಳಿಬಿಡುತ್ತೇನೆ, ಏಕೆಂದರೆ ಅದರ ಪಟ್ಟಿಗೆ ಕೊನೆಯಿಲ್ಲ. ಕಿಂಗ್‌ಸ್ಟನ್ನಿನಲ್ಲಿ ಹುಟ್ಟಿ 1967ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ಗೆ ಹೋದ ಹುಡುಗ ಕೂಲ್ ಹರ್ಕ್. 1973ರ ಆಗಸ್ಟ್ 11ರಂದು ಅವನು ನಡೆಸಿದ ಪಾರ್ಟಿಯನ್ನು ಹಿಪ್-ಹಾಪ್ ಹುಟ್ಟಿದ ದಿನ ಎನ್ನುತ್ತಾರೆ. ದೊಡ್ಡ ಸ್ಪೀಕರು, ಎರಡು ತಟ್ಟೆ, ಮೈಕ್ ಹಿಡಿದು ಮಾತು: ಟಬ್ಬಿ ಬೆಳೆದ ಬಯಲಿನದೇ ಏರ್ಪಾಡು. ಲಂಡನ್ನಿನಲ್ಲಿ ಸೌಂಡ್ ನಡೆಸುತ್ತಿದ್ದ ಜಾ ಶಾಕಾ ದಶಕಗಳ ಕಾಲ ಒಂದೇ ತಟ್ಟೆಯಂತ್ರ ಇಟ್ಟುಕೊಂಡು ರಾತ್ರಿಯಿಡೀ ಡಬ್ ನುಡಿಸಿದ. ಗಯಾನಾದಲ್ಲಿ ಹುಟ್ಟಿದ ನೀಲ್ ಫ್ರೇಸರ್ ಹುಡುಗನಾಗಿದ್ದಾಗಲೇ ರೇಡಿಯೋ ಬಿಚ್ಚುತ್ತಿದ್ದ, ಮುಂದೆ ತನ್ನ ಮಿಕ್ಸಿಂಗ್ ಮೇಜನ್ನು ತಾನೇ ಕಟ್ಟಿಕೊಂಡ. ಮ್ಯಾಡ್ ಪ್ರೊಫೆಸರ್ ಎಂದರೆ ಅವನೇ. ಬ್ರಿಸ್ಟಲ್ಲಿನ ಮ್ಯಾಸಿವ್ ಅಟ್ಯಾಕ್ ತಂಡದ ಇಡೀ ಆಲ್ಬಮ್ಮನ್ನು ಬಿಚ್ಚಿ 1995ರಲ್ಲಿ ‘ನೋ ಪ್ರೊಟೆಕ್ಷನ್’ ಎಂದು ಮತ್ತೆ ಕಟ್ಟಿದ. ಬರ್ಲಿನ್ನಿನಲ್ಲಿ ಟೆಕ್ನೋ ಎಂಬ ಎಲೆಕ್ಟ್ರಾನಿಕ್ ಕುಣಿತದ ಸಂಗೀತ ಮಾಡುವವರು ಎಕೋದ ಬಾಲವನ್ನೇ ಹಿಡಿದು ಹೋದರು. 2000ದ ನಂತರ ದಕ್ಷಿಣ ಲಂಡನ್ನಿನ ಕ್ರಾಯ್ಡನ್ ಹುಡುಗರ ಸಂಗೀತಕ್ಕೆ ಹೆಸರೇ ‘ಡಬ್‌ಸ್ಟೆಪ್’. ಅವರೂ ಹೊಸ ಹಾಡನ್ನು ಮೊದಲು ಸವೆದುಹೋಗುವ ಡಬ್ ಪ್ಲೇಟಿಗೇ ಕೊರೆಸಿಕೊಂಡು ರಾತ್ರಿಯ ಕುಣಿತಕ್ಕೆ ಒಯ್ಯುತ್ತಿದ್ದರು. ಟಬ್ಬಿ ತಿರುಗಿಸಿದ ಆ ದೊಡ್ಡ ಗುಂಡಿಯನ್ನು ಅದರ ಹತ್ತು ಮೆಟ್ಟಿಲಿನ ಸಮೇತ ಅನುಕರಿಸುವ ಸಾಫ್ಟ್‌ವೇರ್ ಈಗ ಮಾರಾಟಕ್ಕಿದೆ. ಹಾಡಿನ ನಡುವೆ ಎಲ್ಲ ನಿಂತು ಒಂದು ಕ್ಷಣ ಉಸಿರು ಹಿಡಿದು, ಆಮೇಲೆ ಬೇಸು ಧುಮುಕುವುದನ್ನು ನೀವು ಯಾವ ಮದುವೆಯ ಡಿಜೆಯಲ್ಲೂ ಕೇಳಿರುತ್ತೀರಿ.

1989ರ ಫೆಬ್ರವರಿ 6ರಂದು ವಾಟರ್‌ಹೌಸಿನ ಸ್ಟುಡಿಯೋ ಕೆಲಸ ಮುಗಿಸಿ ಡುಹೇನಿ ಪಾರ್ಕಿನ ತನ್ನ ಮನೆಗೆ ಬಂದ ಟಬ್ಬಿಯನ್ನು ಮನೆಯ ಮುಂದೆಯೇ ಯಾರೋ ಗುಂಡಿಟ್ಟು ಕೊಂದರು. ಅವನಿಗೆ 48 ವರ್ಷ. ಕೊಂದವರು ಇವತ್ತಿಗೂ ಸಿಕ್ಕಿಲ್ಲ. ಮಾತು ಕಡಿಮೆಯ, ಇಸ್ತ್ರಿ ಮಡಿಕೆ ಕೆಡದ ಬಟ್ಟೆಯ, ಕೆಲಸದ ಜಾಗ ಚೊಕ್ಕಟವಾಗಿಲ್ಲದಿದ್ದರೆ ಸಹಿಸದ ಮನುಷ್ಯ ಎಂದು ಅವನನ್ನು ಕಂಡವರು ನೆನೆಯುತ್ತಾರೆ. ಆ ವಾಕ್ಯ ಓದಿದಾಗೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಉಪನ್ಯಾಸ ಮುಗಿದ ಮೇಲೆ ಒಂದೇ ಪ್ರಶ್ನೆ ಬಂತು, ಅದನ್ನೂ ಇಲ್ಲಿ ಬರೆಯುತ್ತೇನೆ. ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದರು. ಸಭೆಗೆ ಮೈಕ್‌ಸೆಟ್ ಹಾಕಿದ್ದವರೇ ಅವರು. “ಸಾರ್, ಆ ಸ್ಪ್ರಿಂಗ್ ಡಬ್ಬಿ ಅಂದ್ರಲ್ಲ, ಗುದ್ದಿದ್ರೆ ಗುಡುಗ್ತಿತ್ತು ಅಂತ. ಅದು ನಿಜಾನಾ?”

“ನಿಮ್ಮ ಕೈಯಲ್ಲೇ ನೋಡಿಬಿಡಿ ಯಜಮಾನ್ರೇ” ಎಂದೆ. ಚಿಕ್ಕಪ್ಪನ ಅಂಗಡಿಯ ಹಳೆಯ ಗಿಟಾರ್ ಆಂಪ್ಲಿಫೈಯರೊಂದರಿಂದ ಬಿಚ್ಚಿದ ಅಂಥದೇ ಒಂದು ಡಬ್ಬಿಯನ್ನು ಚೀಲದಲ್ಲಿ ತಂದಿದ್ದೆ. ಅವರೇ ವೇದಿಕೆ ಹತ್ತಿ ಬಂದು, ನನ್ನ ಕೈಯಿಂದ ವೈರು ತೆಗೆದುಕೊಂಡು ತಮ್ಮ ಮಿಕ್ಸರಿಗೆ ಸಿಕ್ಕಿಸಿದರು. ಬೆರಳ ಗೆಣ್ಣಿನಿಂದ ಮೆಲ್ಲಗೆ ಒಮ್ಮೆ ತಟ್ಟಿದರು. ಸಭಾಂಗಣದ ಎರಡೂ ಬದಿಯ ಬಾಕ್ಸಿನಿಂದ ಗುಡುಗು ಉರುಳಿತು, ಕಿಟಕಿಯ ಗಾಜು ಜುಮ್ಮೆಂದಿತು. ಎಲ್ಲರೂ ಚಪ್ಪಾಳೆ ಹೊಡೆದರು. ಅವರು ಆ ಕಡೆ ನೋಡಲಿಲ್ಲ. ತಲೆಯನ್ನು ಒಂದಿಷ್ಟು ವಾಲಿಸಿ, ಆ ಗುಡುಗಿನ ಬಾಲ ಪೂರ್ತಿ ಅಡಗುವ ತನಕ ಕಿವಿಗೊಟ್ಟು, ಮಿಕ್ಸರಿನ ಒಂದು ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿ, ಇನ್ನೊಮ್ಮೆ ತಟ್ಟಿದರು.